ಸ್ಟೀಲ್ ಡಬ್ಬಿಗಳೂ ವಿಮಲಕ್ಕನ ದಶಮಿಯೂ

ಓದುಗರಿಗೆ ಬಸವರಾಜನ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬರಹಗಾರನಲ್ಲ. ಹಿರಿಯೂರಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡೇ, ಮೀಸೆ ಬಂದ ಮೇಲೆ, ನನಗಿಂತ ಚಿಕ್ಕ ಮೇಷ್ಟರ ಹತ್ತಿರ ಪಾಠ ಹೇಳಿಸಿಕೊಂಡು ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಕನ್ನಡ ಟೈಪ್ ಮಾಡಲು ಕಲಿತದ್ದು ರಿಟೈರ್ ಆದ ಮೇಲೆ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತಕ್ಷರ ಬೇಕಾದ ಕಡೆ ಕೊಂಬು ಬಂದಿರಬಹುದು. ತಪ್ಪು ಕಂಡಲ್ಲಿ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದಕ್ಕೆ ಹೋಗಿ. ಸ್ವಲ್ಪ ಬೈದುಕೊಂಡರೂ ಬೇಜಾರಿಲ್ಲ.

ಬರೆಯುವುದಕ್ಕೆ ಕಾರಣ ಇದೆ. ಮೊನ್ನೆ ಇಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಮ್ಮವರ ಒಂದು ಸಮಾರಂಭದಲ್ಲಿ ಹಳೆಯ ಕಂಪ್ಯೂಟರುಗಳನ್ನು ಟೇಬಲ್ ಮೇಲೆ ಜೋಡಿಸಿಟ್ಟಿದ್ದರು. ಮೈಕು ಹಿಡಿದ ಮಹನೀಯರೊಬ್ಬರು, ಎಂಬತ್ತರ ದಶಕದಲ್ಲಿ ಇಲ್ಲಿಯ ಕನ್ನಡಿಗರು ತಾವೇ ಕೂಡಿಸಿದ ಯಂತ್ರಗಳಲ್ಲಿ ಗಾಳಿಯಿಂದ ಸಾಫ್ಟ್‌ವೇರ್ ಹಿಡಿಯುತ್ತಿದ್ದರು, ಮನೆಮನೆಯಲ್ಲೂ ಯಶಸ್ಸು ಕಂಡಿದ್ದರು ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ, ರಿಪೇರಿ ಕೆಲಸಕ್ಕೆ ಈಗಷ್ಟೇ ಸೇರಿದವಳಂತೆ, "ಅಂಕಲ್, ಈಸ್ ಇಟ್ ಟ್ರೂ?" ಎಂದಳು. ನಾನು "ಹಿಡಿಯೋಕೆ ಕೂತಿದ್ದು ನಿಜ ಕಣಮ್ಮ" ಎಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಮಹನೀಯರ ಹೆಸರು ಗುರುರಾಜ್ ಎಂದಿಟ್ಟುಕೊಳ್ಳಿ. ಮುಂದೆ ಬರುತ್ತಾರೆ.

ಗಾಳಿಯಿಂದ ಸಾಫ್ಟ್‌ವೇರ್ ಎಂದರೆ ಮಾಟ ಮಂತ್ರವಲ್ಲ. ಆಗಿನ ಮನೆ ಕಂಪ್ಯೂಟರಿಗೆ ಟಿವಿಯೇ ಪರದೆ, ಹಾಡು ಕೇಳುವ ಕ್ಯಾಸೆಟ್ಟೇ ಭಂಡಾರ. ಪ್ರೋಗ್ರಾಮನ್ನು ಸದ್ದಾಗಿ ಕ್ಯಾಸೆಟ್ಟಿನಲ್ಲಿ ತುಂಬುತ್ತಿದ್ದರು. ಕೇಳಿದರೆ ಕೀಂ ಎಂದು ಶುರುವಾಗಿ ಆಮೇಲೆ ಕರಕರ ಎಂದು ಹಲ್ಲು ಕಡಿದ ಹಾಗಿರುತ್ತಿತ್ತು. ಸದ್ದೇ ತಾನೆ, ರೇಡಿಯೋದಲ್ಲೂ ಕಳಿಸಬಹುದು ಎಂದು ಯಾರಿಗೋ ಹೊಳೆಯಿತು. ಇಲ್ಲಿಯ ಒಂದು ಕಾಲೇಜಿನ ಪುಟ್ಟ ರೇಡಿಯೋ ಸ್ಟೇಷನ್ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಈ ಕರಕರವನ್ನು ಪ್ರಸಾರ ಮಾಡುತ್ತಿತ್ತು. ಅದನ್ನು ಹಿಡಿದು, ಚೊಕ್ಕ ಮಾಡಿ, ಕಂಪ್ಯೂಟರಿನ ಕಿವಿಗೆ ಕೊಡುವ ಡಬ್ಬಿಯನ್ನು ಜನ ಮನೆಯಲ್ಲೇ ಕೂಡಿಸುತ್ತಿದ್ದರು. ಅದು ಕೈ ಕೊಟ್ಟರೆ ಎಲ್ ಕಮೀನೋ ರಸ್ತೆಯ ನಮ್ಮ ರಿಪೇರಿ ಅಂಗಡಿಗೆ ತರುತ್ತಿದ್ದರು. ಅದು ಕೈ ಕೊಡದ ವಾರವೇ ಇರಲಿಲ್ಲ.

ಅಂಗಡಿಯ ಯಜಮಾನ ವಾಲ್ಟ್. ಅಕ್ಕ ಭಾವ ಸರ್ಕಾರಕ್ಕೆ ಹಾಕಿದ ಅರ್ಜಿಯ ಮೇಲೆ ಈ ದೇಶಕ್ಕೆ ಬಂದ ನನಗೆ ಮೊದಲು ಕೆಲಸ ಕೊಟ್ಟವನು. ಅದೊಂದು ಉಪಕಾರ ಬಿಟ್ಟರೆ ಅವನನ್ನು ಹೊಗಳುವುದಕ್ಕೆ ನನಗೆ ಹೆಚ್ಚೇನೂ ನೆನಪಾಗುತ್ತಿಲ್ಲ. ಏನೇ ತಂದುಕೊಟ್ಟರೂ ಸ್ಕ್ರೂಡ್ರೈವರಿನ ಹಿಡಿಯಿಂದ ಎರಡು ಸಲ ಕುಟ್ಟುತ್ತಿದ್ದ. ಸರಿಹೋದರೆ ತನ್ನ ಜಾಣತನ, ಹೋಗದಿದ್ದರೆ ಗಿರಾಕಿಯ ದಡ್ಡತನ. ಬಸವರಾಜ ಎನ್ನಲು ನಾಲಿಗೆ ಹೊರಳದೆ ನನ್ನನ್ನು "ಬಾಸ್" ಎನ್ನುತ್ತಿದ್ದ. ನೆಲ ಗುಡಿಸು ಎನ್ನುವಾಗಲೂ ಬಾಸೇ.

ಸೇರಿದ ಹೊಸತರಲ್ಲಿ ಸದ್ದು ಜೋರಾದಷ್ಟೂ ಒಳ್ಳೆಯದೆಂದು ತಿಳಿದು, ಒಂದು ಡಬ್ಬಿಯನ್ನು ಬೀದಿಗೆಲ್ಲ ಕೇಳುವ ಹಾಗೆ ತಿರುವಿಟ್ಟಿದ್ದೆ. ಕಂಪ್ಯೂಟರ್ ಒಂದಕ್ಷರವನ್ನೂ ಒಳಗೆ ತಗೊಳ್ಳಲಿಲ್ಲ. ವಾಲ್ಟ್ ಬಂದು, "ಬಾಸ್, ಅದಕ್ಕೇನು ಕಿವಿ ಮಂದವಾ? ಯಾಕೆ ಕಿರುಚುತ್ತೀಯ ಅದರ ಮೇಲೆ?" ಎಂದ. ಕೆಲಸ ಕಲಿಸಿದ್ದು ಅಷ್ಟೇ. ಹೊಸಬರಿಗೆ ಹೇಳುತ್ತೇನೆ, ಈ ಕಸುಬಿನಲ್ಲಿ ಯಾರೂ ಕಲಿಸುವುದಿಲ್ಲ, ಆಡಿಕೊಳ್ಳುತ್ತಾರೆ. ಆಡಿಕೊಂಡದ್ದರಲ್ಲಿ ಪಾಠ ಎಷ್ಟಿದೆ ಎಂದು ನೀವೇ ಹೆಕ್ಕಿಕೊಳ್ಳಬೇಕು.

ಇನ್ನು ಡಬ್ಬಿಗಳ ವಿಷಯ. ಹೊರಗಿನ ಗದ್ದಲ ಒಳಗೆ ಸೇರದಿರಲೆಂದು ಸರ್ಕೀಟನ್ನು ಲೋಹದ ಡಬ್ಬಿಯಲ್ಲಿ ಕೂರಿಸಬೇಕು. ಅಮೆರಿಕದವರು ಬಿಸ್ಕತ್ತಿನ ತಗಡಿನ ಡಬ್ಬಿ ತರುತ್ತಿದ್ದರು. ನಮ್ಮವರ ಮನೆಯಲ್ಲಿ ಬಿಸಾಡುವ ತಗಡೆಲ್ಲಿಂದ ಬರಬೇಕು? ಇದ್ದದ್ದು ಊರಿಂದ ಸೂಟ್‌ಕೇಸಿನಲ್ಲಿ ಬಂದ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಇಂಗಿನ ವಾಸನೆ. "ನಿಮ್ಮ ದೇಶದ ರೇಡಿಯೋ ರಿಪೇರಿ ಮಾಡಿದರೆ ನನಗೆ ಹಸಿವಾಗುತ್ತೆ" ಎಂದು ವಾಲ್ಟ್ ಹಂಗಿಸುತ್ತಿದ್ದ.

ಸ್ಟೀಲಿಗೂ ಬೆಸುಗೆಗೂ ಆಗಿಬರುವುದಿಲ್ಲ. ತಗಡಿಗೆ ಬೆಸುಗೆ ಸಕ್ಕರೆ ಪಾಕದ ಹಾಗೆ ಅಂಟುತ್ತದೆ. ಸ್ಟೀಲಿನ ಮೇಲೆ ಕೆಸುವಿನೆಲೆಯ ಮೇಲಿನ ನೀರು, ಉರುಳಿ ಹೋಗುತ್ತದೆ. ಡಬ್ಬಿಗೆ ಹಾಕಿದ ಅರ್ಥಿಂಗ್ ವೈರ್ ಮನೆಗೆ ಒಯ್ಯುವಷ್ಟರಲ್ಲಿ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಗುಂಯ್ ಎಂಬ ಸದ್ದು. ತೂತು ಕೊರೆದು ಬೋಲ್ಟ್ ಹಾಕಿದರೆ ಮುಗಿಯಿತು. ಆದರೆ ತೂತು ಕೊರೆಯಲು ಬಿಡುವವರು ಯಾರು? ಗುರುರಾಜರ ಹೆಂಡತಿ ಪದ್ಮಾ ಅಂಗಡಿಗೇ ಬಂದು ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಮೇಲೆ ಅವರ ತಾಯಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು.

"ನಮ್ಮಮ್ಮ ಕೊಟ್ಟ ಡಬ್ಬಿಗೆ ತೂತು ಮಾಡ್ತೀರಾ? ಇವ್ರ ಆಫೀಸಲ್ಲಿ ಅಷ್ಟೊಂದು ಚಿಪ್ಪು ಮಾಡ್ತಾರಂತೆ, ಒಂದು ಡಬ್ಬಿ ಕೊಡೋಕಾಗಲ್ವಾ?"

"ಅಮ್ಮ, ಸಣ್ಣ ತೂತು."

"ಸಣ್ಣದಾದ್ರೂ ಬೇಳೆ ಸೋರತ್ತೆ."

ಕೊನೆಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ವೈರನ್ನು ಡಬ್ಬಿಯ ಅಂಚಿಗೆ ಕಚ್ಚಿಸಿ ಕಳಿಸಿದೆ. ಯಾರಾದರೂ ಪಕ್ಕದಲ್ಲಿ ಜೋರಾಗಿ ನಡೆದರೆ ಗುಂಯ್ ಶುರು. ಇದೇ ಗುರುರಾಜ್ ಆಮೇಲೆ ಆಂಟೆನಾವನ್ನೂ ಡಬ್ಬಿಯ ಒಳಗೇ ಇಟ್ಟು ತಂದರು.

"ಬಸವರಾಜ್, ಮುಚ್ಚಳ ತೆಗೆದ್ರೆ ಸ್ಟೇಷನ್ ಬರತ್ತೆ, ಮುಚ್ಚಿದ್ರೆ ಸೈಲೆಂಟು. ಲೂಸ್ ಕನೆಕ್ಷನ್ ನೋಡಿ."

"ಸಾರ್, ಆಂಟೆನಾ ಒಳಗಿದೆ. ಸ್ಟೀಲು ಸ್ಟೇಷನ್ನನ್ನ ಒಳಕ್ಕೆ ಬಿಡಲ್ಲ."

"ಬಿಡ್ಬೇಕಲ್ರೀ, ಮುಚ್ಚಳ ಅಷ್ಟೇನ್ ಟೈಟಿಲ್ಲ."

ಇಂಥವರ ನಡುವೆ ಒಬ್ಬರು ಮಾತ್ರ ಬೇರೆ. ವಿಮಲಕ್ಕ, ಧಾರವಾಡದವರು, ಗಣಿತದಲ್ಲಿ ಎಂಎಸ್ಸಿ. ಗಂಡ ಇಲ್ಲಿಯ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಗಂಡನ ಬೆನ್ನಿಗೆ ಬಂದ ಹೆಂಗಸಿಗೆ ಸಂಬಳದ ಕೆಲಸ ಮಾಡಲು ವೀಸಾ ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂತು ಕಂಪ್ಯೂಟರ್ ಕಲಿತರು. ಊರಿಂದ ಬರುವ ಪಂಚಾಂಗ ಊರಿನ ಸೂರ್ಯನಿಗೆ ಸರಿ, ಇಲ್ಲಿಗಲ್ಲ. ಏಕಾದಶಿ ಇವತ್ತೋ ನಾಳೆಯೋ ಎಂದು ನಮ್ಮವರು ಪ್ರತಿ ಸಲ ಫೋನಿನಲ್ಲಿ ಕಿತ್ತಾಡುತ್ತಿದ್ದರು. ವಿಮಲಕ್ಕ ಒಂದು ಪ್ರೋಗ್ರಾಂ ಬರೆದರು. ತಾರೀಖು ಒತ್ತಿದರೆ ಇಲ್ಲಿಯ ಗಡಿಯಾರಕ್ಕೆ ಸರಿಯಾದ ತಿಥಿ ಇಂಗ್ಲಿಷ್ ಅಕ್ಷರದಲ್ಲಿ ಪರದೆಯ ಮೇಲೆ ಬರುತ್ತದೆ. ಅದರ ಕ್ಯಾಸೆಟ್ ಮಾಡಿ ರೇಡಿಯೋ ಸ್ಟೇಷನ್ನಿಗೆ ಕೊಟ್ಟರು.

ಆ ಅರ್ಧ ಗಂಟೆ ನಡೆಸುತ್ತಿದ್ದವನು ರಾಬ್ ಎಂಬ ಹುಡುಗ. ಓದು ಮುಗಿಸಿ ಊರು ಬಿಡುವವನಿದ್ದ. ಅವನ ಜಾಗಕ್ಕೆ ಯಾರೂ ಸಿಗದಿದ್ದರೆ ತೋಟಗಾರಿಕೆ ಕಾರ್ಯಕ್ರಮ ಹಾಕುವುದೆಂದು ಸ್ಟೇಷನ್ನಿನವರು ನಿರ್ಧರಿಸಿದ್ದರು. ರಾಬ್ ವಿಮಲಕ್ಕನಿಗೆ ಹೇಳಿದನಂತೆ: ಮುಂದಿನ ಭಾನುವಾರ ನಿನ್ನ ಪ್ರೋಗ್ರಾಂ ಎರಡು ಸಲ ಹಾಕುತ್ತೇನೆ. ಕೇಳುಗರಲ್ಲಿ ಒಬ್ಬರಾದರೂ ಫೋನ್ ಮಾಡಿ, ಬಂತು, ಓಡಿತು ಎಂದರೆ ಈ ಅರ್ಧ ಗಂಟೆ ನಿನ್ನದು. ಇಲ್ಲದಿದ್ದರೆ ಟೊಮೇಟೊ ಗಿಡದವರದು.

ವಿಮಲಕ್ಕ ಅಂಗಡಿಗೆ ಬಂದು ಇದನ್ನು ಹೇಳಿದರು.

"ಬಸಣ್ಣ, ಪಗಾರ ಇಲ್ಲದ ಕೆಲಸಕ್ಕ ಯಾವ ವೀಸಾನೂ ಬ್ಯಾಡ ಅನ್ನೂದಿಲ್ಲ. ಮನ್ಯಾಗ ಕೂತು ಕೂತು ಕಲತದ್ದೆಲ್ಲಾ ಮರೀಲಿಕ್ಕತ್ತೀನಿ. ಈ ಅರ್ಧಾ ತಾಸು ಸಿಕ್ಕರ ಸಾಕು ನನಗ. ನಮ್ಮ ಮಂದಿ ಡಬ್ಬಿ ಎಲ್ಲಾ ರಿಪೇರಿ ಮಾಡಿಡ್ರಿ. ಒಬ್ಬರದಾದ್ರೂ ಹಿಡೀಲಿ."

ಆ ವಾರ ಅವರಿಗೋಸ್ಕರ ನಾನು ಏಳೆಂಟು ಮನೆಯ ಡಬ್ಬಿಗಳನ್ನು ಬಿಚ್ಚಿ ಕಟ್ಟಿದೆ. ಕ್ಲಿಪ್ಪುಗಳನ್ನೆಲ್ಲ ಹೊಸದಾಗಿ ಹಾಕಿದೆ. ವಾಲ್ಟ್, "ಊಟದ ಡಬ್ಬಿ ರಿಪೇರಿ ಅಂಗಡಿ ಅಂತ ಬೋರ್ಡು ಬದಲಿಸೋಣ" ಎಂದ. ನಾನು ಮುಂದಿನ ಡಬ್ಬಿ ಎತ್ತಿಕೊಂಡೆ.

ಈಗ ನಮ್ಮವರ ಬುದ್ಧಿವಂತಿಕೆ ನೋಡಿ. ಏಳೆಂಟು ಮನೆ. ಒಂದೊಂದು ಮನೆಯಲ್ಲಿ ಒಂದೊಂದು ಕಂಪ್ಯೂಟರ್. ಅವರವರ ಮನೆಯಲ್ಲಿ ಕೂತು ಕೇಳಿದ್ದರೆ ಒಬ್ಬರಿಗಾದರೂ ಬರುತ್ತಿತ್ತು. ಆದರೆ ಕನ್ನಡಿಗ ಒಬ್ಬನೇ ಕೂತು ಏನನ್ನಾದರೂ ಮಾಡಿದ್ದುಂಟೆ? ಗುರುರಾಜ್ ಎಲ್ಲರಿಗೂ ಫೋನ್ ಮಾಡಿದರು: "ನಮ್ಮನೇಗೇ ಬಂದ್ಬಿಡಿ. ಕಂಪ್ಯೂಟರು ಟಿವಿ ಎಲ್ಲಾ ತನ್ನಿ. ಪಾಟ್‌ಲಕ್ ಇಟ್ಕೊಳ್ಳೋಣ, ಒಬ್ಬೊಬ್ರು ಒಂದೊಂದು ಅಡುಗೆ ತನ್ನಿ."

ವಿಮಲಕ್ಕನಿಗೆ ಸಮಾಧಾನವಿರಲಿಲ್ಲ. "ಎಲ್ಲಾರೂ ಒಂದ ಕಡೆ ಯಾಕ್ರೀ?" ಎಂದು ಕೇಳಿದ್ದಕ್ಕೆ, "ಮಜಾ ಇರತ್ತೆ ಬನ್ರೀ" ಎಂಬ ಉತ್ತರ ಬಂತಂತೆ.

ಭಾನುವಾರ ಮಧ್ಯಾಹ್ನ ಗುರುರಾಜರ ಮನೆಯ ಹಾಲ್ ನೋಡಬೇಕಿತ್ತು. ಸೋಫಾ ಗೋಡೆಗೆ ಸರಿಸಿ, ಎರಡು ಸಾಲು ಟೇಬಲ್ ಹಾಕಿ, ಅದರ ಮೇಲೆ ಟಿವಿಗಳು, ಕಂಪ್ಯೂಟರುಗಳು, ಹೊಳೆಯುವ ಸ್ಟೀಲ್ ಡಬ್ಬಿಗಳು. ಒಂದು ಪ್ಲಗ್ಗಿನಿಂದ ಇನ್ನೊಂದಕ್ಕೆ ಎಳೆದ ವೈರು ದಾಟಿ ಹೆಂಗಸರು ಪಾತ್ರೆ ಒಯ್ಯುತ್ತಿದ್ದರು. ಅಡುಗೆಮನೆಯಲ್ಲಿ ಬಿಸಿಬೇಳೆ ಬಾತ್, ಎರಡು ಮನೆಯಿಂದ ಬಂದ ಎರಡು ಥರದ ಮೊಸರನ್ನ. ಯಾವ ಡಬ್ಬಿಯಲ್ಲಿ ರೇಡಿಯೋ, ಯಾವುದರಲ್ಲಿ ಚಟ್ನಿಪುಡಿ ಎಂದು ಒಬ್ಬರು ಕೇಳಿ ನಗಿಸಿದರು. ಲಿವರ್‌ಮೋರಿನಿಂದ ಬಂದವರು ಎಲ್ಲರಿಗಿಂತ ದೊಡ್ಡ ಟಿವಿ ತಂದಿದ್ದರು. ನಾನೂ ಕ್ಲಿಪ್ಪಿನ ಚೀಲ ಹಿಡಿದು ಹೋಗಿದ್ದೆ.

ಹೊತ್ತಾಯಿತು. ಎಲ್ಲರೂ ಸ್ವಿಚ್ ಒತ್ತಿದರು. ಎಲ್ಲ ರೇಡಿಯೋದಿಂದಲೂ ಒಂದೇ ಸದ್ದು ಬಂತು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ರಾಬ್ ಇಲ್ಲ, ಕೀಂ ಇಲ್ಲ, ಕರಕರ ಇಲ್ಲ. ನಾನು ಅರ್ಥಿಂಗ್ ಬಿಟ್ಟಿದೆ ಎಂದುಕೊಂಡು ಒಂದೊಂದೇ ಕ್ಲಿಪ್ಪು ಅಮುಕುತ್ತ ಟೇಬಲ್ ಸುತ್ತ ಓಡಾಡಿದೆ. ಗುರುರಾಜ್ ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಒಬ್ಬರು ಸ್ಟೇಷನ್ನಿನವರನ್ನು ಬೈದರು. ಇನ್ನೊಬ್ಬರು ಬೆಟ್ಟ ಅಡ್ಡ ಬರುತ್ತಿದೆ ಎಂದರು. ಅಷ್ಟರಲ್ಲಿ ಮೊದಲ ಸಲದ ಪ್ರಸಾರ ಮುಗಿದಿತ್ತು.

ವಿಮಲಕ್ಕ ಒಂದು ಪುಟ್ಟ ರೇಡಿಯೋ ಎತ್ತಿಕೊಂಡು ಬಾಗಿಲ ತನಕ ಹೋದರು, ವಾಪಸ್ ಬಂದರು, ಮತ್ತೆ ಹೋದರು. ಬಾಗಿಲ ಹತ್ತಿರ ರಾಬ್‌ನ ದನಿ ಸಣ್ಣಗೆ ಕೇಳಿತು. ಟೇಬಲ್ ಹತ್ತಿರ ಜೇನು.

"ಇವು ಕಂಪ್ಯೂಟರ್ ಸದ್ದು" ಎಂದರು. "ಒಂದೊಂದೂ ತಾನs ಒಂದು ಸ್ಟೇಷನ್ ಆಗೇದ. ಎಲ್ಲಾ ಬಂದ್ ಮಾಡ್ರಿ, ಒಂದ ಇರ್ಲಿ. ಅದನ್ನ ದೂರ ಇಡ್ರಿ. ಇನ್ನೊಮ್ಮೆ ಹಾಕ್ತಾನ ಅಂವಾ, ಲಗೂನ."

ಹೌದು. ಆಗಿನ ಕಂಪ್ಯೂಟರು ತಾನೇ ರೇಡಿಯೋ ಅಲೆ ಉಗುಳುತ್ತಿತ್ತು. ಒಂದಿದ್ದರೆ ದೂರವಿಟ್ಟು ಸಂಭಾಳಿಸಬಹುದು. ಅಷ್ಟೊಂದನ್ನು ಒಂದೇ ಕೋಣೆಯಲ್ಲಿ ಇಟ್ಟವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಯಾವುದನ್ನು ಉಳಿಸಿಕೊಳ್ಳುವುದು? ಇಲ್ಲಿಂದ ಶುರುವಾಯಿತು.

"ನಮ್ಮನೆ, ನಮ್ಮ ಕರೆಂಟು. ನಮ್ಮದೇ ಇರ್ಲಿ" ಎಂದರು ಗುರುರಾಜ್.

"ಅಷ್ಟು ದೂರದಿಂದ ಟಿವಿ ಹೊತ್ಕೊಂಡು ಬಂದಿದೀನಿ ಸ್ವಾಮಿ, ಆರ್ಸೋಕಾ?" ಎಂದರು ಲಿವರ್‌ಮೋರಿನವರು.

"ನಂದು ಹೋದ್ವಾರ ಚೆನ್ನಾಗಿ ಹಿಡಿದಿತ್ತು."

"ಹೋದ್ವಾರ ಪ್ರಸಾರವೇ ಇರ್ಲಿಲ್ಲ ಕಣ್ರೀ."

"ಜಗಳ ಯಾಕೆ, ಚೀಟಿ ಎತ್ತೋಣ" ಎಂದು ಒಬ್ಬರು ಹಿರಿಯರ ಥರ ಮಾತಾಡಿದರು. ಎಲ್ಲರೂ ಒಪ್ಪಿದರು. ಪದ್ಮಾ ಪೇಪರ್ ಹುಡುಕಲು ಹೋದರು. ಯಾರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದು, ಯಾರದನ್ನು ಕನ್ನಡದಲ್ಲಿ ಎಂಬಲ್ಲಿಗೆ ಬಂದಾಗ, ಬಾಗಿಲಲ್ಲಿ ರೇಡಿಯೋ ಕಿವಿಗೊತ್ತಿಕೊಂಡು ನಿಂತಿದ್ದ ವಿಮಲಕ್ಕ, "ಆತು. ಮುಗೀತು" ಎಂದರು.

ಎರಡನೆಯ ಸಲದ ಪ್ರಸಾರವೂ ಹೋಗಿತ್ತು. ಒಬ್ಬರೂ ಒಂದು ಸ್ವಿಚ್ಚನ್ನೂ ಆರಿಸಿರಲಿಲ್ಲ.

ಗುರುರಾಜರಿಗೆ ಆಗ ಪಾಪ ಎನಿಸಿರಬೇಕು. ಫೋನ್ ಎತ್ತಿಕೊಂಡರು. "ಬೇಜಾರ್ ಮಾಡ್ಕೋಬೇಡಿ ವಿಮಲಾ. ನಾನೇ ಫೋನ್ ಮಾಡಿ ಬಂತು ಅಂತೀನಿ. ಅವ್ನಿಗೇನು ಗೊತ್ತಾಗತ್ತೆ?"

ವಿಮಲಕ್ಕ ಅವರ ಕೈಯಿಂದ ಫೋನ್ ತೆಗೆದು ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. "ಬ್ಯಾಡ್ರಿ. ಬರಲಾರದ್ದಕ್ಕ ಬಂತು ಅಂದು ತಗೊಂಡ ಕೆಲಸ ನನಗ ಮಾಡಾಕ ಆಗೂದಿಲ್ಲ. ಊಟಕ್ಕ ನಡೀರಿ. ಅದಕ್ಕs ಬಂದೀರಿ."

ತಟ್ಟೆ ಇಡಲು ಜಾಗ ಬೇಕಲ್ಲ. ಒಬ್ಬೊಬ್ಬರೇ ತಮ್ಮ ಕಂಪ್ಯೂಟರ್ ಆರಿಸಿ, ವೈರು ಸುತ್ತಿ, ಟೇಬಲ್ ಖಾಲಿ ಮಾಡಿದರು. ವಿಮಲಕ್ಕನ ಬದುಕಿನ ಒಂದು ಕೆಲಸಕ್ಕೆ ಆರದಿದ್ದ ಸ್ವಿಚ್ಚುಗಳು ಬಿಸಿಬೇಳೆ ಬಾತಿಗೆ ತಾವಾಗಿ ಆರಿದವು. ಆ ದೃಶ್ಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆರಿದ ತಕ್ಷಣ, ವಿಮಲಕ್ಕ ಹಾಲಿನಲ್ಲಿ ಇಟ್ಟಿದ್ದ ಪುಟ್ಟ ರೇಡಿಯೋದಿಂದ ರಾಬ್‌ನ ದನಿ ಸ್ವಚ್ಛವಾಗಿ ಕೇಳಿತು. ಯಾರೂ ಫೋನ್ ಮಾಡಿಲ್ಲ, ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುತ್ತಿದ್ದ. ವಿಮಲಕ್ಕ ತಲೆ ಎತ್ತದೆ ಬಡಿಸುತ್ತಿದ್ದರು. ಆಗ ರೇಡಿಯೋದಲ್ಲಿ ಇನ್ನೊಂದು ದನಿ ಬಂತು. ವಯಸ್ಸಾದ ಗಂಡಸು, ಗೊಗ್ಗರು ಗಂಟಲು, ಲಿವರ್‌ಮೋರ್ ಕಡೆಯ ದ್ರಾಕ್ಷಿ ತೋಟದವನಂತೆ. ಅವನೂ ರಾಬ್‌ನೂ ಇಂಗ್ಲಿಷಿನಲ್ಲಿ ಆಡಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ.

"ನಿಮ್ಮ ಪ್ರೋಗ್ರಾಂ ಕೆಟ್ಟಿದೆ" ಎಂದ ಆತ.

"ನಿಮಗೆ ಬಂತಾ? ಓಡಿತಾ?" ರಾಬ್ ಕೇಳಿದ.

"ಬರದೆ ಏನು? ಹೆಂಡತಿ ಮನೆಯೊಳಗೆ ಆ ಕರಕರ ಬೇಡ ಅಂತಾಳೆ. ಟ್ರಕ್ಕಿನಲ್ಲಿ ಕೂತು ಕ್ಯಾಸೆಟ್ಟಿಗೆ ಹಿಡಿದು, ಒಳಗೆ ಬಂದು ನಾನೇ ಮಾಡಿದ ಡಬ್ಬಿಯಿಂದ ಕಂಪ್ಯೂಟರಿಗೆ ಕೊಟ್ಟೆ. ಅದಲ್ಲ ನನ್ನ ದೂರು. ಇವತ್ತಿನ ತಾರೀಖು ಹಾಕಿದರೆ ದಶಮಿ ಅಂತ ಬರುತ್ತೆ. ನಾನು ಹುಟ್ಟಿದ ತಾರೀಖು ಹಾಕಿದರೆ ಅಮಾವಾಸ್ಯ ಅಂತ ಬರುತ್ತೆ. ಕೆಟ್ಟದ್ದು ನನ್ನ ಡಬ್ಬಿಯೋ, ನಿಮ್ಮ ಪ್ರೋಗ್ರಾಮೋ?"

ವಿಮಲಕ್ಕ ಸೌಟು ಪಾತ್ರೆಯಲ್ಲೇ ಬಿಟ್ಟು ಒಳಗಿನ ಕೋಣೆಯ ಫೋನಿಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ದನಿ ನಮ್ಮ ಮುಂದಿನ ರೇಡಿಯೋದಿಂದ ಬಂತು. ತಟ್ಟೆ ಹಿಡಿದವರೆಲ್ಲ ಹಾಗೇ ನಿಂತರು. ರಾಬ್ ಮುದುಕನಿಗೆ ಅವರ ಮಾತು ದಾಟಿಸುತ್ತಿದ್ದ, ಮುದುಕನ ಮಾತು ಅವರಿಗೆ.

"ಏನೂ ಕೆಟ್ಟಿಲ್ಲ ಸರ್. ಅದು ಚಂದ್ರನ ಲೆಕ್ಕ. ಅಮಾವಾಸ್ಯೆ ಅಂದರೆ ಚಂದ್ರನೇ ಕಾಣದ ದಿನ. ನೀವು ಹುಟ್ಟಿದ್ದು ಕತ್ತಲೆಯ ರಾತ್ರಿ."

ಆತ ಹೇಳಿದ: "ಅಮ್ಮ ಹೇಳ್ತಿದ್ದಳು. ನನ್ನನ್ನು ಹಡೆಯುವಾಗ ಡಾಕ್ಟರು ದ್ರಾಕ್ಷಿ ಸಾಲಿನಲ್ಲಿ ದಾರಿ ತಪ್ಪಿಬಿಟ್ಟ, ಅಂಥ ಕತ್ತಲೆ ಅಂತ. ನಾವ್ಯಾರೂ ನಂಬಿರಲಿಲ್ಲ. ಡಾಕ್ಟರ್ ಕುಡಿದಿದ್ದ ಅಂತಲೇ ನಮ್ಮಪ್ಪ ಸಾಯೋ ತನಕ ಹೇಳ್ತಿದ್ದ."

ರಾಬ್ ನಗುತ್ತಲೇ, ಮುಂದಿನ ವಾರದಿಂದ ಈ ಅರ್ಧ ಗಂಟೆ ಯಾರದು ಎಂದು ಹೇಳಿದ. ಹಾಲಿನಲ್ಲಿ ಚಪ್ಪಾಳೆ. ಗುರುರಾಜರದು ಎಲ್ಲರಿಗಿಂತ ಜೋರು. ಅವತ್ತಿನಿಂದ ಶುರುವಾದ ಚಪ್ಪಾಳೆ ಮೊನ್ನೆಯ ಸಮಾರಂಭದವರೆಗೂ ನಿಂತಿಲ್ಲ. ನಡುವೆ ಎಲ್ಲೋ, ಬಾರದಿದ್ದದ್ದು ಎಲ್ಲರ ಮನೆಗೂ ಬಂದುಬಿಟ್ಟಿತು.

ಆಮೇಲೆ ಮೋಡೆಮ್ ಬಂತು, ಫ್ಲಾಪಿ ಬಂತು, ಗಾಳಿಯ ಪ್ರೋಗ್ರಾಂ ಯಾರಿಗೂ ಬೇಡವಾಯಿತು. ವಾಲ್ಟ್ ಅಂಗಡಿ ಮುಚ್ಚಿದ. ನಾನು ಬೇರೆ ಕಡೆ ಯಂತ್ರ ಪರೀಕ್ಷೆ ಮಾಡುವ ಟೆಸ್ಟ್ ಬೆಂಚಿನಲ್ಲಿ ಕೂತು ಕೆಲಸದ ಕಾಲ ಕಳೆದೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಹೊಸಬರಿಗೆ ಒಂದು ಮಾತು. ಕೆಟ್ಟದ್ದು ತಂದಾಗ ಅದನ್ನು ಮಾತ್ರ ನೋಡಬೇಡಿ. ಅದರ ಪಕ್ಕದಲ್ಲಿ ಇನ್ನೇನು ಉರಿಯುತ್ತಿತ್ತು ಎಂದೂ ಕೇಳಿ. ನಾನು ಕ್ಲಿಪ್ಪು ಅಮುಕುತ್ತಿದ್ದಾಗ ವಿಮಲಕ್ಕ ಬಾಗಿಲಿಗೆ ನಡೆದು ನೋಡಿದರಲ್ಲ, ರಿಪೇರಿ ಎಂದರೆ ಅದು.

ಮುಂದಿನ ಭಾನುವಾರ ಅಂಗಡಿಯ ಬೀಗ ತೆಗೆದು, ಒಂದೇ ಒಂದು ರೇಡಿಯೋ ಇಟ್ಟುಕೊಂಡು ಕೂತೆ. ವಿಮಲಕ್ಕ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು, ಅವತ್ತಿನ ಪ್ರೋಗ್ರಾಂ ಏನೆಂದು ಹೇಳಿದರು. ಆಮೇಲೆ ಕೆಲವು ಮನೆಯವರಿಗೆ ಮಾತ್ರ ಒಂದು ಸೂಚನೆ ಇದೆ ಎಂದರು. ಕರಕರ ಶುರುವಾಗುವ ಮುಂಚೆ, ಆ ಅಮೆರಿಕದ ಸ್ಟೇಷನ್ನಿನಲ್ಲಿ ಅಚ್ಚ ಧಾರವಾಡದ ಕನ್ನಡ ಬಂತು:

"ಮೊದಲ ನಿಮ್ಮ ನಿಮ್ಮ ಮನೀಗೆ ಹೋಗ್ರಿ. ಕಂಪ್ಯೂಟರ್ ಬಂದ್ ಮಾಡ್ರಿ. ಆಮ್ಯಾಲ ರೇಡಿಯೋ ಹಚ್ಚಿ ಕ್ಯಾಸೆಟ್ಟಿಗೆ ಹಿಡೀರಿ."

ಅವರು ಆ ಕೆಲಸ ಬಿಡುವ ತನಕ ಪ್ರತಿ ಭಾನುವಾರವೂ ಅದನ್ನು ಹೇಳಿದರು.

ನೀವೂ ಇಂಥ ಡಬ್ಬಿ ಕೂಡಿಸಿದ್ದರೆ, ರೇಡಿಯೋದಿಂದಲೋ ಟಿವಿಯಿಂದಲೋ ಪ್ರೋಗ್ರಾಂ ಹಿಡಿಯಲು ಕೂತಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಬಂದದ್ದನ್ನು ಬಂತು ಎಂದೂ ಬಾರದ್ದನ್ನು ಬರಲಿಲ್ಲ ಎಂದೂ ಬರೆದರೆ ಸಾಕು. ನಾನು ಓದುವುದೂ ನಿಧಾನ, ಉತ್ತರ ಟೈಪ್ ಮಾಡುವುದು ಇನ್ನೂ ನಿಧಾನ, ಆದರೆ ಎಲ್ಲರಿಗೂ ಬರೆಯುತ್ತೇನೆ.